ಗೆಳೆಯರ ಜೊತೆ ಸೈಕಲ್‌ನಲ್ಲಿ ನಂದಿ ಬೆಟ್ಟ: ಮೊದಲ ಸಲ ಹೊರಡುವವರಿಗೆ

ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಗೆ ಬಂದರೆ, ಕೆಂಪು ದೀಪ ಮಿನುಗಿಸುತ್ತಾ ಸಾಲಾಗಿ ಉತ್ತರಕ್ಕೆ ಸಾಗುವ ಸೈಕಲ್‌ಗಳು ಕಾಣುತ್ತವೆ. ಅವರಲ್ಲಿ ಹೆಚ್ಚಿನವರು ಹೊರಟಿರುವುದು ನಂದಿ ಬೆಟ್ಟಕ್ಕೆ. ಪಂದ್ಯ ಆಡುವವರು ಅದರಲ್ಲಿ ಕಡಿಮೆ. ವಾರವಿಡೀ ಕೆಲಸ ಮಾಡಿ, ಒಂದು ಬೆಳಗ್ಗೆ ಗೆಳೆಯರ ಜೊತೆ ಸೈಕಲ್ ತುಳಿಯಬೇಕು ಅಂತ ಬಂದವರೇ ಜಾಸ್ತಿ.

ಈ ಬರಹ ಅಂಥವರಿಗೆ. ನಿಮ್ಮ ಹತ್ತಿರ ಗೇರ್ ಇರುವ ಸೈಕಲ್ ಇದೆ, ಒಂದೇ ಸಮ 20 ಕಿ.ಮೀ. ತುಳಿಯಬಲ್ಲಿರಿ, ಜೊತೆಗೆ ಮೂರ್ನಾಲ್ಕು ಗೆಳೆಯರಿದ್ದಾರೆ ಅಂದುಕೊಳ್ಳಿ. ಆರರಿಂದ ಎಂಟು ವಾರ ಕೊಟ್ಟರೆ ನಂದಿ ಹತ್ತಿ ವಾಪಸ್ ಬರಬಹುದು. ಹೆಬ್ಬಾಳದಿಂದ ಬೆಟ್ಟದ ಮೇಲಕ್ಕೆ ಸುಮಾರು 50 ಕಿ.ಮೀ. ಹೋಗಿ ಬಂದರೆ ನೂರು.

ನಾನು ಇಲ್ಲಿ ಹೇಳುವ ಎಲ್ಲದರ ಹಿಂದೆ ಇರುವ ನಿಯಮ ಒಂದೇ. ಒಟ್ಟಿಗೆ ಹೊರಟವರು ಒಟ್ಟಿಗೇ ವಾಪಸ್ ಬರಬೇಕು. ವೇಗ, ದೂರ, ಹೊರಡುವ ಹೊತ್ತು, ಎಲ್ಲವನ್ನೂ ಗುಂಪಿನ ಅತಿ ನಿಧಾನದ ಸವಾರನನ್ನು ನೋಡಿಕೊಂಡು ತೀರ್ಮಾನಿಸಬೇಕು.

ಹೆಜ್ಜೆ 1: ಗುಂಪು ಕಟ್ಟುವುದು

ನಾಲ್ಕರಿಂದ ಆರು ಜನ ಸಾಕು. ಎಂಟು ದಾಟಿದರೆ ಎರಡು ಗುಂಪು ಮಾಡಿ. ದೊಡ್ಡ ಗುಂಪು ಹೆದ್ದಾರಿಯಲ್ಲಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಹಿಂದಿನಿಂದ ಬರುವ ಬಸ್ಸು ಲಾರಿಗಳಿಗೆ ದಾಟಿಹೋಗುವುದು ಕಷ್ಟವಾಗುತ್ತದೆ.

ಹೊರಡುವ ಮುಂಚೆ ಮೂರು ವಿಷಯ ಮಾತಾಡಿಕೊಳ್ಳಿ. ಸರಾಸರಿ ವೇಗ ಎಷ್ಟು? ಹೊಸಬರಿಗೆ ಗಂಟೆಗೆ 18ರಿಂದ 20 ಕಿ.ಮೀ. ಧಾರಾಳ ಸಾಕು. ಎಲ್ಲೆಲ್ಲಿ ನಿಂತು ಎಲ್ಲರನ್ನೂ ಕೂಡಿಕೊಳ್ಳುವುದು? ಕೊನೆಯಲ್ಲಿ ಯಾರು ಬರುವುದು?

ಈ ಮೂರನೆಯದನ್ನು ತುಂಬಾ ಜನ ಯೋಚಿಸುವುದೇ ಇಲ್ಲ. ಬಲ ಇರುವವರೆಲ್ಲ ಮುಂದೆ ಹೋಗುತ್ತಾರೆ, ಸುಸ್ತಾದವನು ಹಿಂದೆ ಒಬ್ಬನೇ ಉಳಿಯುತ್ತಾನೆ. ಅವನ ಟೈರ್ ಪಂಚರ್ ಆದರೆ ಮುಂದಿನವರಿಗೆ ಗೊತ್ತಾಗುವುದು ಅರ್ಧ ಗಂಟೆ ಆದ ಮೇಲೆ. ಆದ್ದರಿಂದ ಗುಂಪಿನ ಅತಿ ಗಟ್ಟಿ ಸವಾರ ಕೊನೆಯಲ್ಲಿ ಬರಲಿ. ಸೈಕಲ್ ರಿಪೇರಿ ಚೆನ್ನಾಗಿ ಬರುವವನಾದರೆ ಇನ್ನೂ ಒಳ್ಳೆಯದು. ಹೊಸಬ ಸಾಲಿನಲ್ಲಿ ಎರಡನೆಯವನೋ ಮೂರನೆಯವನೋ ಆಗಿರಲಿ. ಅಲ್ಲಿ ಗಾಳಿ ಕಡಿಮೆ, ಎಲ್ಲರ ಕಣ್ಣಿಗೂ ಬೀಳುತ್ತಾನೆ.

ಹೆಜ್ಜೆ 2: ಸೈಕಲ್ ಸಿದ್ಧ ಮಾಡುವುದು

ನಂದಿಗೆ ಹೋಗಲು ರೋಡ್ ಬೈಕೇ (ಸಣ್ಣ ಟೈರು, ಬಾಗಿದ ಹ್ಯಾಂಡಲ್ ಇರುವ ಸೈಕಲ್) ಬೇಕು ಅಂತ ಇಲ್ಲ. ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್‌ನಲ್ಲಿ ಆರಾಮವಾಗಿ ಹೋಗಿ ಬರಬಹುದು. ಮೌಂಟೇನ್ ಬೈಕ್ ಇದ್ದರೆ ಗಂಟುಗಂಟಿನ ಟೈರ್ ತೆಗೆಸಿ ನುಣುಪು ಟೈರ್ ಹಾಕಿಸಿ. ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಹೊಸ ರೋಡ್ ಬೈಕ್ ಕೊಳ್ಳುವುದಿದ್ದರೆ ಅಂಗಡಿಯಲ್ಲಿ ಗೇರ್ ಹಲ್ಲುಗಳ ಲೆಕ್ಕ ಕೇಳಿ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 32 ಅಥವಾ 34 ಹಲ್ಲು ಇದ್ದರೆ ಏರು ಹತ್ತಲು ಸುಲಭ. 34–32ರ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಸೈಕಲ್ ಗಂಟೆಗೆ ಸುಮಾರು 8 ಕಿ.ಮೀ. ಸಾಗುತ್ತದೆ. ನಂದಿಯ ಏರಿನಲ್ಲಿ ಹೊಸಬರ ವೇಗ ಹೆಚ್ಚುಕಡಿಮೆ ಇದೇ. ಹಿಂದೆ 25 ಅಥವಾ 28 ಹಲ್ಲಿನದು ಮಾತ್ರ ಇದ್ದರೆ ಮಂಡಿ ಮೇಲೆ ಭಾರ ಬೀಳುತ್ತದೆ.

ಸೀಟಿನ ಎತ್ತರ ಸರಿ ಮಾಡಿಕೊಳ್ಳಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಮಡಚಿರುತ್ತದೆ, ಅದೇ ಬೇಕಾದದ್ದು. ನಮ್ಮಲ್ಲಿ ಬಹಳ ಜನ ನೆಲಕ್ಕೆ ಎರಡೂ ಕಾಲು ಮುಟ್ಟುವಷ್ಟು ಸೀಟು ಇಳಿಸಿಕೊಂಡಿರುತ್ತಾರೆ. ಮಂಡಿಯ ಮುಂಭಾಗ ನೋಯುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಟೈರಿನ ಗಾಳಿ ಹೊರಡುವ ದಿನ ನೋಡಲೇಬೇಕು. ಸಣ್ಣ ಟೈರುಗಳಲ್ಲಿ ಗಾಳಿ ತಾನಾಗಿಯೇ ಇಳಿಯುತ್ತಿರುತ್ತದೆ. 70 ಕೆ.ಜಿ. ತೂಕದವರಿಗೆ 28 ಮಿ.ಮೀ. ಟೈರ್ ಆದರೆ 70ರಿಂದ 80 ಪಿಎಸ್ಐ, 25 ಮಿ.ಮೀ. ಆದರೆ 85ರ ಆಸುಪಾಸು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿ ದಾಟಬೇಡಿ. ತೀರಾ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ನಮ್ಮ ರಸ್ತೆಗಳಲ್ಲಿ ಈ ತರಹದ ಪಂಚರ್ ಸಾಮಾನ್ಯ. ಮನೆಯಲ್ಲಿ ಮೀಟರ್ ಇರುವ ನಿಲ್ಲಿಸುವ ಪಂಪ್ ಇಟ್ಟುಕೊಳ್ಳಿ. ಎಷ್ಟೋ ರೋಡ್ ಬೈಕ್‌ಗಳ ಸಣ್ಣ ಪ್ರೆಸ್ಟಾ ವಾಲ್ವಿಗೆ ಪೆಟ್ರೋಲ್ ಬಂಕಿನ ಪೈಪು ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ.

ಹೆಲ್ಮೆಟ್ ವಿಷಯದಲ್ಲಿ ರಾಜಿ ಬೇಡ. ಹೆಲ್ಮೆಟ್ ಇಲ್ಲದೆ ಬಂದವರನ್ನು ಗೆಳೆಯರಾದರೂ ವಾಪಸ್ ಕಳಿಸಿ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಒಳಗಿನ ಫೋಮ್ ಒಂದೇ ಪೆಟ್ಟಿಗೆಂದು ಮಾಡಿದ್ದು. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಎಲ್ಲರಿಗೂ ಇರಬೇಕು.

ಬಟ್ಟೆ ಬಗ್ಗೆ ಒಂದೇ ಮಾತು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಕೊಳ್ಳಿ, ಅದರೊಳಗೆ ಒಳಉಡುಪು ಹಾಕಬೇಡಿ. ಹೊಲಿಗೆ ಉಜ್ಜಿ ತೊಡೆಸಂದಿ ಗಾಯವಾಗುವುದು ಒಳಉಡುಪಿನಿಂದಲೇ. ಬೇಕಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿಕೊಳ್ಳಿ.

ಹೆಜ್ಜೆ 3: ಮನೆಯಲ್ಲೇ ಪಂಚರ್ ಹಾಕಿ ಕಲಿಯುವುದು

ಪ್ರತಿಯೊಬ್ಬರ ಹತ್ತಿರವೂ ಇರಬೇಕಾದದ್ದು: ತಮ್ಮ ಟೈರಿನ ಅಳತೆಗೆ ಸರಿಯಾದ ಎರಡು ಟ್ಯೂಬು, ಟೈರ್ ಬಿಚ್ಚುವ ಎರಡು ಪ್ಲಾಸ್ಟಿಕ್ ಲಿವರ್, ಕೈಪಂಪ್, ಪ್ಯಾಚ್, ಮಲ್ಟಿಟೂಲ್. ಗುಂಪಿಗೆ ಒಂದು ಚೈನ್ ಕಟ್ಟರ್ ಸಾಕು. ಚೈನ್ ಜೋಡಿಸುವ ಕ್ವಿಕ್ ಲಿಂಕ್ ಮಾತ್ರ ಅವರವರ ಚೈನಿಗೆ ಹೊಂದುವಂಥದ್ದು ಬೇಕು. 8 ಸ್ಪೀಡಿನದು, ಅಂದರೆ ಹಿಂದೆ 8 ಹಲ್ಲುಚಕ್ರ ಇರುವ ಸೈಕಲ್‌ನದು, 11 ಸ್ಪೀಡಿಗೆ ಕೂರುವುದಿಲ್ಲ. ಎತ್ತರದ ರಿಮ್ ಇದ್ದರೆ ಟ್ಯೂಬಿನ ವಾಲ್ವ್ ಕೂಡ ಉದ್ದ ಇರಬೇಕು, ಕೊಳ್ಳುವಾಗ ನೋಡಿ.

ಇವೆಲ್ಲ ಬ್ಯಾಗಿನಲ್ಲಿದ್ದರೆ ಸಾಲದು, ಕೈಗೆ ಅಭ್ಯಾಸ ಆಗಬೇಕು. ಒಂದು ಸಂಜೆ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿ. ಹಿಂದಿನ ಚಕ್ರ ಬಿಚ್ಚಿ, ಟ್ಯೂಬು ಬದಲಾಯಿಸಿ, ಮತ್ತೆ ಕೂರಿಸಿ. ಹಿಂದಿನ ಚಕ್ರ ಬಿಚ್ಚುವ ಮುಂಚೆ ಚೈನನ್ನು ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ತಂದುಕೊಂಡರೆ ಕೆಲಸ ಸುಲಭ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಬೆರಳು ನಿಧಾನವಾಗಿ ಆಡಿಸಿ. ಮುಳ್ಳೋ ತಂತಿಯ ಚೂರೋ ಅಲ್ಲೇ ಚುಚ್ಚಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬೂ ಐದು ನಿಮಿಷದಲ್ಲಿ ಹೋಗುತ್ತದೆ. ಹೆದ್ದಾರಿ ಪಕ್ಕದಲ್ಲಿ ಬೀಳುವ ಲಾರಿ ಟೈರಿನ ತಂತಿ ಕೂದಲಿನಷ್ಟು ಸಣ್ಣ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಹೆಜ್ಜೆ 4: ವಾರ ವಾರ ದೂರ ಹೆಚ್ಚಿಸುವುದು

ಮೊದಲ ಭಾನುವಾರ 30 ಕಿ.ಮೀ., ಆಮೇಲೆ 40, 50, 60, 75. ನಡುವೆ ಒಂದು ವಾರ ಕಡಿಮೆ ಮಾಡಿ ಮೈಗೆ ವಿಶ್ರಾಂತಿ ಕೊಡಿ. ವಾರದ ದಿನಗಳಲ್ಲಿ ಎರಡು ಸಲ ಮುಕ್ಕಾಲು ಗಂಟೆ ತುಳಿದರೂ ತುಂಬಾ ವ್ಯತ್ಯಾಸ ಕಾಣುತ್ತದೆ. ಪಕ್ಕದವರ ಜೊತೆ ಮಾತಾಡಿಕೊಂಡು ತುಳಿಯಲು ಆಗುತ್ತಿದೆಯಾ? ಹಾಗಿದ್ದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ಜಾಸ್ತಿ ಆಯಿತು.

ಅಭ್ಯಾಸಕ್ಕೆ ನನಗೆ ಹೆಸರಘಟ್ಟದ ಕಡೆಯ ರಸ್ತೆ ಇಷ್ಟ. ಯಲಹಂಕದಿಂದ ರಾಜಾನುಕುಂಟೆ ಮೇಲೆ ಹೋದರೆ ದೊಡ್ಡ ಏರಿಲ್ಲ, ಊರು ಬೇಗ ಮುಗಿಯುತ್ತದೆ, ಹುಲ್ಲುಗಾವಲು ಸಿಗುತ್ತದೆ. ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ 1894ರಲ್ಲಿ ಬೆಂಗಳೂರಿಗೆ ನೀರು ತಂದದ್ದು ಅರ್ಕಾವತಿ ನದಿಯಿಂದ. ಆ ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ನೀವು ಅಭ್ಯಾಸ ಮಾಡುವ ಜಾಗಕ್ಕೂ ಹತ್ತಬೇಕಾದ ಬೆಟ್ಟಕ್ಕೂ ಒಂದೇ ನೀರಿನ ನಂಟು ಇದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಊರಿನ ಪಶ್ಚಿಮ, ದಕ್ಷಿಣ ಭಾಗದವರು ಕೇತೋಹಳ್ಳಿಯ ದೊಡ್ಡ ಆಲದ ಮರದ ಕಡೆ ಹೋಗಬಹುದು. ಮೈಸೂರು ದಿಕ್ಕಿಗೆ ಹೋಗುವವರು ಒಂದು ವಿಷಯ ನೆನಪಿಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್‌ಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಏರು ಹತ್ತುವ ಅಭ್ಯಾಸಕ್ಕೆ ಮನೆ ಹತ್ತಿರದ ಯಾವುದಾದರೂ ಏರು ರಸ್ತೆ ಆರಿಸಿಕೊಳ್ಳಿ. ಕೂತೇ ಹತ್ತಿ, ಇಳಿದು ಬನ್ನಿ, ಮತ್ತೆ ಹತ್ತಿ. ನಂದಿಯಲ್ಲಿ ಬೇಕಾಗುವುದು ಒಂದು ಗಂಟೆ ಹೊತ್ತು ಒಂದೇ ಸಮ ತುಳಿಯುವ ತಾಳ್ಮೆ.

ಹೆಜ್ಜೆ 5: ಸಾಲಿನಲ್ಲಿ ತುಳಿಯುವುದನ್ನು ಕಲಿಯುವುದು

ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿದ್ದೇನೆ. ಕಾಲಿನ ಶಕ್ತಿ ತಾನಾಗಿಯೇ ಬರುತ್ತದೆ. ಗುಂಪಿನಲ್ಲಿ ಸಾಗುವ ಶಿಸ್ತನ್ನು ಮಾತ್ರ ಕೂತು ಕಲಿಯಬೇಕು.

ಸಮತಟ್ಟು ರಸ್ತೆಯಲ್ಲಿ ಸೈಕಲ್‌ನ ಶಕ್ತಿಯಲ್ಲಿ ಬಹುಪಾಲು ಖರ್ಚಾಗುವುದು ಗಾಳಿ ಸೀಳುವುದಕ್ಕೆ. ಮುಂದಿನವನ ಹಿಂದೆ ಹತ್ತಿರವಾಗಿ ಸಾಗಿದರೆ ನಿಮ್ಮ ಶ್ರಮದಲ್ಲಿ ಕಾಲುಭಾಗದಷ್ಟು ಉಳಿಯುತ್ತದೆ. ಗುಂಪಿನಲ್ಲಿ ಹೊಸಬನೂ ನೂರು ಕಿ.ಮೀ. ತುಳಿಯಬಲ್ಲ ಅನ್ನುವುದಕ್ಕೆ ಇದೇ ಕಾರಣ.

ಮೊದಮೊದಲು ಮುಂದಿನ ಸೈಕಲ್‌ಗೂ ನಿಮಗೂ ಒಂದು ಸೈಕಲ್ ಉದ್ದದ ಅಂತರ ಇರಲಿ. ಅಭ್ಯಾಸ ಆದಂತೆ ಅರ್ಧಕ್ಕೆ ಇಳಿಸಬಹುದು. ಕಣ್ಣು ಮುಂದಿನ ಚಕ್ರದ ಮೇಲೇ ನೆಟ್ಟಿರಬಾರದು. ಅವನ ಭುಜದ ಆಚೆ, ರಸ್ತೆ ಕಡೆ ನೋಡುತ್ತಿರಬೇಕು.

ನಿಮ್ಮ ಮುಂದಿನ ಚಕ್ರ ಯಾವತ್ತೂ ಅವನ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಿ ಜೊತೆಯಾಗಬಾರದು. ಅವನು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಎರಡು ಚಕ್ರ ಉಜ್ಜುತ್ತವೆ. ಬೀಳುವುದು ಹೆಚ್ಚಾಗಿ ಹಿಂದಿನವನೇ. ಗುಂಪಿನಲ್ಲಿ ಸವಾರರು ಬೀಳುವುದಕ್ಕೆ ಇದು ದೊಡ್ಡ ಕಾರಣ.

ಸಾಲಿನಲ್ಲಿ ಇರುವಾಗ ಇದ್ದಕ್ಕಿದ್ದಂತೆ ಬ್ರೇಕ್ ಹಿಡಿಯಬಾರದು. ವೇಗ ಜಾಸ್ತಿ ಆಯಿತು ಅನ್ನಿಸಿದರೆ ತುಳಿಯುವುದನ್ನು ನಿಲ್ಲಿಸಿ, ಅಥವಾ ಒಂದಿಷ್ಟು ಪಕ್ಕಕ್ಕೆ ಸರಿದು ಗಾಳಿಗೆ ಮೈಯೊಡ್ಡಿ. ವೇಗ ತಾನಾಗಿ ಇಳಿಯುತ್ತದೆ. ಸೀಟಿನಿಂದ ಎದ್ದು ನಿಲ್ಲುವಾಗಲೂ ತುಳಿತ ಬಿಡಬೇಡಿ. ಬಿಟ್ಟರೆ ಸೈಕಲ್ ಕ್ಷಣ ಹೊತ್ತು ಹಿಂದಕ್ಕೆ ಜಗ್ಗಿದಂತಾಗಿ ಹಿಂದಿನವನಿಗೆ ಬಂದು ತಾಗುತ್ತದೆ.

ಮುಂದಿನವನಿಗೆ ಕಾಣುವುದು ಹಿಂದಿನವರಿಗೆ ಕಾಣುವುದಿಲ್ಲ, ಹಾಗಾಗಿ ಅವನು ಹೇಳುತ್ತಲೇ ಇರಬೇಕು. ಗುಂಡಿ ಯಾವ ಕಡೆ ಇದೆಯೋ ಆ ಕೈಯನ್ನು ಕೆಳಗೆ ಮಾಡಿ ತೋರಿಸಿ, ಬಾಯಲ್ಲಿ "ಗುಂಡಿ!" ಅನ್ನಿ. ಹಂಪು ಬಂದರೆ "ಹಂಪು!" ಪಕ್ಕದಲ್ಲಿ ನಿಂತ ಕಾರು, ನಡೆಯುವವರು ಇದ್ದರೆ ಬೆನ್ನ ಹಿಂದೆ ಕೈ ತಂದು ಸರಿಯಬೇಕಾದ ಕಡೆ ಬೀಸಿ. ನಿಲ್ಲುವ ಮುಂಚೆ ಕೈ ಎತ್ತಿ "ನಿಲ್ತಿದೀನಿ!" ಅನ್ನಿ. ಕೊನೆಯವನು ಹಿಂದೆ ದೊಡ್ಡ ಗಾಡಿ ಕಂಡರೆ "ಹಿಂದೆ ಗಾಡಿ!" ಅಂತ ಕೂಗಬೇಕು, ಅದು ಒಬ್ಬರಿಂದ ಒಬ್ಬರಿಗೆ ಮುಂದಕ್ಕೆ ಹೋಗಬೇಕು. ನಾಚಿಕೆ ಬೇಡ, ಗಟ್ಟಿಯಾಗಿ ಕೂಗಿ. ಹ್ಯಾಂಡಲ್‌ನಿಂದ ಕೈ ತೆಗೆಯಲು ಹೆದರಿಕೆ ಇರುವ ಹೊಸಬರು ಬಾಯಲ್ಲಿ ಹೇಳಿದರೂ ಸಾಕು, ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ.

ಮುಂದೆ ಇರುವವನು ಐದು ನಿಮಿಷಕ್ಕೊಮ್ಮೆ ಜಾಗ ಬಿಡಲಿ. ಹಿಂದೆ ತಿರುಗಿ ನೋಡಿ, ಗಾಡಿ ಇಲ್ಲದಾಗ ಬಲಕ್ಕೆ ಸ್ವಲ್ಪ ಸರಿದು, ತುಳಿತ ಕಡಿಮೆ ಮಾಡಿ, ಸಾಲಿನ ಹಿಂದಕ್ಕೆ ಜಾರಿ, ಕೊನೆಯವನ ಮುಂದೆ ಸೇರಿಕೊಳ್ಳಬೇಕು. ಈಗ ಮುಂದೆ ಬಂದವನಿಗೆ ಒಂದು ಆಸೆ ಹುಟ್ಟುತ್ತದೆ, ವೇಗ ಹೆಚ್ಚಿಸೋಣ ಅಂತ. ಬೇಡ. ಅದೇ ವೇಗ ಇರಲಿ. ಸುಸ್ತಾದವರು ಮುಂದೆ ಬರುವ ಅಗತ್ಯವೇ ಇಲ್ಲ, ಅವರನ್ನು ಗಾಳಿ ಮರೆಯಲ್ಲಿ ಇಟ್ಟುಕೊಂಡು ಹೋಗಿ.

ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು. ಜೋಡಿಯಾಗಿ ಮಾತಾಡುತ್ತಾ ಸಾಗುವುದು ಗಾಡಿ ಓಡಾಟ ಇಲ್ಲದ ಹಳ್ಳಿ ರಸ್ತೆಯಲ್ಲಿ ಮಾತ್ರ. ಮತ್ತೆ, ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ.

ಹೆಜ್ಜೆ 6: ಹೊತ್ತು ಮತ್ತು ಊಟ

ಹಿಂದಿನ ರಾತ್ರಿ ಅನ್ನ ಸಾರು, ಚಪಾತಿ, ಮುದ್ದೆ, ನಿಮಗೆ ಒಗ್ಗಿದ್ದನ್ನೇ ಉಣ್ಣಿ. ಹೊಸದೇನೂ ಪ್ರಯೋಗ ಬೇಡ. ಬೆಳಗ್ಗೆ ಹೊರಡುವ ಮುಂಚೆ ಎರಡು ಬಾಳೆಹಣ್ಣು ಅಥವಾ ಜಾಮ್ ಹಚ್ಚಿದ ಬ್ರೆಡ್ಡು. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಕಡಲೆ ಮಿಠಾಯಿ ಜೇಬಿನಲ್ಲಿಟ್ಟುಕೊಳ್ಳಲು ಸಲೀಸು. ಹಸಿವಾದ ಮೇಲೆ ತಿಂದರೆ ತಡವಾಯಿತು, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ.

ನೀರಿಗೆ ಎರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಗಂಟೆಗೆ ಅರ್ಧ ಲೀಟರ್ ಲೆಕ್ಕ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಜಾಸ್ತಿ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ.

ಎಷ್ಟು ಹೊತ್ತಿಗೆ ಹೊರಡಬೇಕು? ಬೆಂಗಳೂರಿನಲ್ಲಿ ಮೇ ಕೊನೆಯಲ್ಲಿ ಸೂರ್ಯ ಹುಟ್ಟುವುದು 5.55ರ ಹೊತ್ತಿಗೆ, ಜನವರಿಯಲ್ಲಿ 6.45ಕ್ಕೆ. ಬೇಸಿಗೆಯಲ್ಲಿ ಹೆಬ್ಬಾಳದಿಂದ 5ಕ್ಕೆ ಹೊರಟರೆ ಬೇಗ ಬೆಳಕಾಗುತ್ತದೆ. ಚಳಿಗಾಲದಲ್ಲಿ 6ಕ್ಕಿಂತ ಮುಂಚೆ ಬೇಡ ಅನ್ನುತ್ತೇನೆ. ಆ ಹೊತ್ತಲ್ಲಿ ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಕಾರು, ಬೈಕುಗಳು ಬಹಳ ವೇಗವಾಗಿ ಓಡುತ್ತಿರುತ್ತವೆ. ನವೆಂಬರ್‌ನಿಂದ ಜನವರಿವರೆಗೆ ದೇವನಹಳ್ಳಿಯಿಂದಾಚೆ ಮಂಜು ಕೂಡ ದಟ್ಟ. ಎದುರಿನ ಹತ್ತು ಮೀಟರ್ ಕಾಣದಷ್ಟು ಮಂಜಿದ್ದರೆ ಟೀ ಅಂಗಡಿ ಹತ್ತಿರ ನಿಂತುಬಿಡಿ.

ಬೆಟ್ಟದ ಪ್ರವೇಶದ ನಿಯಮ, ಬಾಗಿಲು ತೆರೆಯುವ ಹೊತ್ತು ಆಗಾಗ ಬದಲಾಗುತ್ತಿರುತ್ತದೆ. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದೂ ಉಂಟು. ಆ ವಾರದ ಸ್ಥಿತಿ ನೋಡಿಕೊಂಡೇ ಹೊರಡಿ.

ಹೆಜ್ಜೆ 7: ದಾರಿ

ಹೆಬ್ಬಾಳದಿಂದ ಮುಂದೆ ಎತ್ತರದ ಮೇಲ್ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ಸಾಗಿ. ಯಲಹಂಕ ದಾಟಿದ ಮೇಲೆ ಸರ್ವಿಸ್ ರಸ್ತೆ ಇರುವಲ್ಲೆಲ್ಲ ಅದನ್ನೇ ಹಿಡಿಯಿರಿ. ಸ್ವಲ್ಪ ತಡವಾದರೂ ಪರವಾಗಿಲ್ಲ.

ಇಡೀ ದಾರಿಯಲ್ಲಿ ಅತ್ಯಂತ ಎಚ್ಚರ ಬೇಕಾದ ಜಾಗ ವಿಮಾನ ನಿಲ್ದಾಣದ ತಿರುವು. ನಿಲ್ದಾಣ ಇರುವುದು ಬಲಕ್ಕೆ, ಆದರೆ ಅಲ್ಲಿಗೆ ಹೋಗುವ ಕ್ಯಾಬುಗಳು ಎಡಕ್ಕೆ ಸರಿದು ಸೇತುವೆ ಹತ್ತುತ್ತವೆ. ದೇವನಹಳ್ಳಿಗೆ ನೇರ ಹೋಗುವ ಸೈಕಲ್‌ನ ಮುಂದೆಯೇ ಅಡ್ಡ ಹಾಯುತ್ತವೆ. ಇಲ್ಲಿ ಗುಂಪು ಚೆದುರಬಾರದು. ಮುಂಚೆಯೇ ಒಂದು ಕಡೆ ನಿಂತು ಎಲ್ಲರೂ ಕೂಡಿಕೊಳ್ಳಿ, ಹಿಂದೆ ನೋಡಿ, ಕೈ ತೋರಿಸಿ, ಗಾಡಿ ಬಿಟ್ಟುಕೊಂಡು ಒಟ್ಟಿಗೆ ದಾಟಿ. ಅನುಮಾನ ಬಂದರೆ ಇಳಿದು ತಳ್ಳಿಕೊಂಡು ದಾಟಿ.

ಇದೆಲ್ಲ ಕೇಳಿ ಭಯ ಆಯಿತಾ? ಮೊದಲ ಸಲ ಸೈಕಲ್‌ಗಳನ್ನು ಕಾರಿನ ಮೇಲೆ ಕಟ್ಟಿಕೊಂಡು ದೇವನಹಳ್ಳಿವರೆಗೆ ಹೋಗಿ, ಅಲ್ಲಿಂದ ತುಳಿಯಿರಿ. ಹೋಗಿ ಬರಲು ಹೆಚ್ಚುಕಡಿಮೆ 45 ಕಿ.ಮೀ. ಆಗುತ್ತದೆ, ಬೆಟ್ಟ ಪೂರ್ತಿ ಸಿಗುತ್ತದೆ. ಹೊಸ ಗುಂಪಿಗೆ ನಾನು ಇದನ್ನೇ ಮೊದಲು ಹೇಳುವುದು.

ದೇವನಹಳ್ಳಿ ದಾಟಿ, ಹೆದ್ದಾರಿ ಬಿಟ್ಟು ನಂದಿ ರಸ್ತೆಗೆ ತಿರುಗಿದ ಮೇಲೆ ಬೇರೆಯದೇ ಲೋಕ. ದ್ರಾಕ್ಷಿ ಚಪ್ಪರ, ಹೂವಿನ ತೋಟ, ಎದುರಿಗೆ ಬೆಟ್ಟ. ಕಾರಹಳ್ಳಿ ಕ್ರಾಸ್‌ನಲ್ಲಿ ಎಲ್ಲರೂ ನಿಂತು ಸ್ವಲ್ಪ ತಿಂದು ನೀರು ಕುಡಿಯಿರಿ. ಇಡ್ಲಿ ವಡೆ ತಿಂದು ಹೊಟ್ಟೆ ತುಂಬಿಸಿಕೊಳ್ಳುವುದು ಇಳಿದು ಬಂದ ಮೇಲೆ.

ಹೆಜ್ಜೆ 8: ಏರು

ಬೆಟ್ಟದ ಬುಡದಿಂದ ಮೇಲಕ್ಕೆ ಏಳೂವರೆಯಿಂದ ಎಂಟು ಕಿ.ಮೀ. ನೂರು ಮೀಟರ್ ಸಾಗಿದರೆ ಸರಾಸರಿ ಐದಾರು ಮೀಟರ್ ಮೇಲೇರುತ್ತೀರಿ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಹೊಸಬರಿಗೆ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ.

ಏರಿನಲ್ಲಿ ಸಾಲು ಹಿಡಿಯುವ ಅಗತ್ಯ ಇಲ್ಲ. ವೇಗ ಕಡಿಮೆ, ಗಾಳಿಯ ಲೆಕ್ಕ ಇಲ್ಲ. ಇಲ್ಲಿ ಪ್ರತಿಯೊಬ್ಬರೂ ಅವರವರ ವೇಗದಲ್ಲಿ ಹತ್ತಬೇಕು. ಬಲ ಇರುವವರನ್ನು ಹೋಗಲು ಬಿಡಿ, ಅವರು ಮೇಲೆ ಕಾಯುತ್ತಾರೆ. ಕೊನೆಯಲ್ಲಿ ಬರುತ್ತೇನೆ ಅಂತ ಒಪ್ಪಿಕೊಂಡವನು ಮಾತ್ರ ಇಲ್ಲೂ ಕೊನೆಯಲ್ಲೇ ಬರಬೇಕು.

ಮೊದಲ ಎರಡು ಕಿ.ಮೀ. ಬೇಕೆಂದೇ ನಿಧಾನವಾಗಿ ಹೋಗಿ. ಅಲ್ಲಿ ಏರು ಹಗುರ, ಕಾಲು ಹೊಸದು, ಎಲ್ಲರಿಗೂ ಹುಮ್ಮಸ್ಸು. ಆ ಹುಮ್ಮಸ್ಸಲ್ಲಿ ತುಳಿದವರು ಅರ್ಧ ದಾರಿಯಲ್ಲಿ ಸೈಕಲ್ ಇಳಿಯುವುದನ್ನು ಪ್ರತಿ ಭಾನುವಾರ ನೋಡಬಹುದು. ಏರು ಬರುವ ಮುಂಚೆಯೇ ಹಗುರ ಗೇರಿಗೆ ಬನ್ನಿ. ಭಾರ ಹಾಕಿ ತುಳಿಯುತ್ತಾ ಗೇರ್ ಬದಲಾಯಿಸಿದರೆ ಚೈನ್ ಜಾರುತ್ತದೆ, ಕೆಲವು ಸಲ ತುಂಡೂ ಆಗುತ್ತದೆ.

ಕೈಗಳನ್ನು ಹ್ಯಾಂಡಲ್ ಮೇಲ್ಭಾಗದಲ್ಲಿ ಸಡಿಲವಾಗಿ ಇಡಿ. ಭುಜ ಬಿಗಿ ಹಿಡಿಯಬೇಡಿ. ಮೂಗು ಬಾಯಿ ಎರಡರಿಂದಲೂ ಉಸಿರು ತೆಗೆದುಕೊಳ್ಳಿ. ತಿರುವಿನ ಒಳಮಗ್ಗುಲು ಕಡಿದು, ಹೊರಮಗ್ಗುಲು ಹಗುರ. ಎಡ ತಿರುವಿನಲ್ಲಿ ಗಾಡಿ ಇಲ್ಲದಿದ್ದರೆ ನಿಮ್ಮ ಅರ್ಧ ರಸ್ತೆಯೊಳಗೇ ಸ್ವಲ್ಪ ಅಗಲವಾಗಿ ತಿರುಗಿ. ಬೆನ್ನು ಹಿಡಿದುಕೊಂಡರೆ ಹತ್ತಿಪ್ಪತ್ತು ತುಳಿತ ಎದ್ದು ನಿಂತು ತುಳಿಯಿರಿ, ಮತ್ತೆ ಕೂರಿ.

ಕೊನೆಯ ಭಾಗ ಹೆಚ್ಚು ಕಡಿದು. ಸುಸ್ತಾದರೆ ನಿಲ್ಲಿ, ಎರಡು ನಿಮಿಷ ಉಸಿರು ಸುಧಾರಿಸಿಕೊಂಡು ಮತ್ತೆ ಹೊರಡಿ. ಎದೆನೋವು, ತಲೆಸುತ್ತು, ಕಣ್ಣು ಮಂಜಾಗುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಅಭ್ಯಾಸ ಶುರು ಮಾಡುವ ಮುಂಚೆಯೇ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ.

ಹೆಜ್ಜೆ 9: ಇಳಿಯುವುದು

ಮೇಲೆ ಕೋತಿಗಳ ಕಾಟ ಇದೆ. ಸೈಕಲ್‌ಗೆ ತಿಂಡಿ ಚೀಲ ಕಟ್ಟಿ ಬಿಟ್ಟು ಹೋಗಬೇಡಿ. ಬೆವರು ಆರುವ ಮುಂಚೆ ತೆಳುವಾದ ಜಾಕೆಟ್ ಹಾಕಿಕೊಳ್ಳಿ. ಜಾಕೆಟ್ ಇಲ್ಲದಿದ್ದರೆ ಹಳೇ ನ್ಯೂಸ್‌ಪೇಪರ್ ಶರ್ಟಿನೊಳಗೆ ಎದೆಗೆ ಇಟ್ಟುಕೊಳ್ಳಿ, ಚಳಿಗಾಳಿ ಚೆನ್ನಾಗಿ ತಡೆಯುತ್ತದೆ.

ಇಳಿಯುವ ಮುಂಚೆ ಬ್ರೇಕ್ ಹಿಡಿದು ನೋಡಿ. ಚಕ್ರ ಗಟ್ಟಿಯಾಗಿ ಕೂತಿದೆಯಾ ಪರೀಕ್ಷಿಸಿ. ಬ್ರೇಕ್ ಹಿಡಿಯುವುದು ತಿರುವಿನ ಮುಂಚೆ, ತಿರುವಿನೊಳಗಲ್ಲ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ, ಮೈಭಾರ ಸ್ವಲ್ಪ ಹಿಂದಕ್ಕೆ ತನ್ನಿ. ಬಿಡದೆ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಾ ಇಳಿಯಿರಿ. ತಿರುವಿನಲ್ಲಿ ಹೊರಗಡೆಯ ಪೆಡಲ್ ಕೆಳಗಿರಲಿ, ಕಣ್ಣು ತಿರುವು ಮುಗಿಯುವ ಕಡೆ ಇರಲಿ. ಎದುರಿನಿಂದ ಬರುವ ಕಾರುಗಳು ತಿರುವಿನಲ್ಲಿ ನಿಮ್ಮ ಕಡೆಗೆ ನುಗ್ಗುತ್ತವೆ ಅಂತ ಅಂದುಕೊಂಡೇ ಎಡಕ್ಕೆ ಇರಿ. ಒಬ್ಬರಿಗೂ ಇನ್ನೊಬ್ಬರಿಗೂ ಧಾರಾಳ ಅಂತರ ಬಿಡಿ. ಇಳಿಜಾರಿನಲ್ಲಿ ಗೆಳೆಯರನ್ನು ಹಿಂದೆ ಹಾಕುವ ಆಟ ಬೇಡ. ಮಳೆ ಬಿದ್ದಿದ್ದರೆ ಎಲ್ಲದಕ್ಕೂ ಎರಡು ಪಟ್ಟು ಹೊತ್ತು ತೆಗೆದುಕೊಳ್ಳಿ.

ವಾಪಸ್ ದಾರಿಯ ಬಗ್ಗೆ ಜನ ಯೋಚಿಸುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ನಂದಿ ಬೆಂಗಳೂರಿನ ಉತ್ತರಕ್ಕಿದೆ, ಆದ್ದರಿಂದ ಬರುವಾಗ ಎದುರುಗಾಳಿ. ಕಾಲು ಸೋತಿರುತ್ತದೆ, ಬಿಸಿಲು ಏರಿರುತ್ತದೆ, ಹೆದ್ದಾರಿಯಲ್ಲಿ ಗಾಡಿ ಹೆಚ್ಚಾಗಿರುತ್ತದೆ. ಬೆಳಗ್ಗೆ ಕಲಿತ ಸಾಲು ಈಗ ನಿಜವಾಗಿ ಬೇಕಾಗುತ್ತದೆ. ಗಟ್ಟಿ ಇರುವ ಇಬ್ಬರು ಸರದಿಯಲ್ಲಿ ಮುಂದೆ ಇದ್ದು ಉಳಿದವರನ್ನು ಕರೆತರಲಿ.

ನಾಯಿ, ಬೀಳುವುದು, ಸಹಾಯ

ನಾಯಿ ಅಟ್ಟಿಸಿಕೊಂಡು ಬಂದರೆ ಗಾಬರಿಯಿಂದ ಅಡ್ಡಾದಿಡ್ಡಿ ತಿರುಗಿಸಬೇಡಿ, ಹಿಂದಿನವರು ಬೀಳುತ್ತಾರೆ. ನಿಧಾನ ಮಾಡಿ, ಗಟ್ಟಿಯಾಗಿ "ಹೋಗ್!" ಅನ್ನಿ. ಬಿಡದಿದ್ದರೆ ಇಳಿದು ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯಿರಿ. ಓಟ ನಿಂತರೆ ಬಹಳಷ್ಟು ನಾಯಿಗಳು ಸುಮ್ಮನಾಗುತ್ತವೆ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಬೇಕು. ಸಣ್ಣ ಗಾಯ ಅಂತ ಬಿಡಬೇಡಿ.

ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ಒಬ್ಬರು ನಿಲ್ಲಿಸಬೇಕು. ಬಿದ್ದವನನ್ನು ತಕ್ಷಣ ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ, ಬೆನ್ನು ನೋವು ಇದೆಯಾ ಕೇಳಿ. ಇದ್ದರೆ ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ. ತಲೆಗೆ ಪೆಟ್ಟಾಗಿದ್ದರೆ ಅವನು ಎಷ್ಟೇ "ಏನೂ ಆಗಿಲ್ಲ ಬಿಡ್ರೋ" ಅಂದರೂ ಅವತ್ತು ಸೈಕಲ್ ಹತ್ತಲು ಬಿಡಬೇಡಿ, ಆಸ್ಪತ್ರೆಗೆ ತೋರಿಸಿ. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಎಲ್ಲರ ಜೇಬಿನಲ್ಲೂ ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ ಇರಲಿ. ಫೋನಿಗೆ ಲಾಕ್ ಇರುತ್ತದೆ, ಚೀಟಿಗೆ ಇಲ್ಲ.

ಆಮೇಲೆ

ಮನೆಗೆ ಬಂದ ದಿನವೇ ಚೈನ್ ಒರೆಸಿ, ಒಂದೊಂದು ಕೊಂಡಿಗೂ ಒಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಟೈರಿನಲ್ಲಿ ಚುಚ್ಚಿಕೊಂಡ ಗಾಜು, ಕಲ್ಲಿನ ಚೂರು ಕಿತ್ತುಹಾಕಿ. ಮಾರನೇ ದಿನ ಕಾಲು ಬಿಗಿದಿರುತ್ತದೆ. ಸುಮ್ನೆ ಮಲಗುವ ಬದಲು ಅರ್ಧ ಗಂಟೆ ನಡೆದರೆ ಸಡಿಲವಾಗುತ್ತದೆ.

ಮುಂದಿನ ಸಲಕ್ಕೆ ಬೇರೆ ದಾರಿ ನೋಡಿ. ದೊಡ್ಡಬಳ್ಳಾಪುರದ ಕಡೆಯಿಂದ ಬಂದರೆ ಬಳ್ಳಾರಿ ರಸ್ತೆಯ ಗದ್ದಲ ತಪ್ಪುತ್ತದೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಬೆಟ್ಟ ಹತ್ತದೆ ಅಲ್ಲಿಗೇ ಹೋಗಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಬರುವುದೂ ಒಳ್ಳೆಯ ಸವಾರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಊರಿಗೇ ಅಂಟಿಕೊಂಡಿದೆ, ಮೇಲಿನ ಅಭ್ಯಾಸವೆಲ್ಲ ಅಲ್ಲಿಗೂ ಹೊಂದುತ್ತದೆ. ನೂರು ಕಿ.ಮೀ. ಆರಾಮ ಅನ್ನಿಸಿದ ಮೇಲೆ ದೂರದ ಸವಾರಿಯ ಆಸೆ ಬಂದರೆ ಬ್ರೆವೆ ಇದೆ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸುವ ದೂರದ ಸವಾರಿ. ಅದರ ಮೊದಲ ಹಂತ 200 ಕಿ.ಮೀ., ಮುಗಿಸಲು 13 ಗಂಟೆ 30 ನಿಮಿಷ. ಅಲ್ಲಿ ಯಾರೂ ಮೊದಲು, ಯಾರೂ ಕೊನೆ ಅಲ್ಲ. ಹೊತ್ತಿನೊಳಗೆ ಮುಗಿಸಿದರೆ ಸಾಕು, ಗೆಳೆಯರೆಲ್ಲ ಒಟ್ಟಿಗೇ ತುಳಿಯಬಹುದು.